ಕೈ ಎತ್ತಿದರೆ ಅಪ್ಪ ಓಡುತ್ತಾನೆ

"ಎದ್ದು ನಿಂತು ಓದು. ಎಲ್ಲರಿಗೂ ಕೇಳಿಸಲಿ," ಎಂದರು ದಯಾನಂದ್ ಮೇಷ್ಟ್ರು.

ಪರಿಮಳ ನೋಟ್‌ಬುಕ್ ಹಿಡಿದು ನಿಂತಳು. 'ನನ್ನ ಭಾನುವಾರ' ಎಂಬ ಪ್ರಬಂಧಕ್ಕೆ ಹತ್ತಕ್ಕೆ ಸೊನ್ನೆ ಬಿದ್ದಿತ್ತು. ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಒಂದೇ ಪದ: 'ಸುಳ್ಳು'.

ಅವಳು ಓದಿದಳು. ಅಪ್ಪ ಮನೆಯಲ್ಲೇ ಒಂದು ಗ್ಲೈಡರ್ ಮಾಡಿದ್ದಾನೆ. ಅದಕ್ಕೆ ಎಂಜಿನ್ ಇಲ್ಲ. ಭಾನುವಾರ ಬೆಳಿಗ್ಗೆ ನಮ್ಮೂರು ತಿಗನಾರೆಯ ಗುಡ್ಡದ ಮೇಲಿಂದ ಅದನ್ನು ಹೊತ್ತುಕೊಂಡು ಓಡಿದ, ಎರಡು ನಿಮಿಷ ಗಾಳಿಯಲ್ಲಿ ತೇಲಿ ಹೊಲದಲ್ಲಿ ಇಳಿದ. ನೋಡಿದವರು ನಾನು, ಅವ್ವ ಇಬ್ಬರೇ.

ಓದಿ ಮುಗಿಸುವ ಮೊದಲೇ ಕ್ಲಾಸು ನಗುತ್ತಿತ್ತು. ಕೂಲಿ ಮಾದೇವ ವಿಮಾನ ಬಿಟ್ಟನಂತೆ ಎಂದು ಹಿಂದಿನ ಬೆಂಚಿನವರು ಪಿಸುಗುಟ್ಟಿದರು.

"ನಮ್ಮಪ್ಪ ಆರಿದ್ದು ದಿಟ ಸಾ. ನಾನು ಸುಳ್ಳ ಬರ್ದಿಲ್ಲ," ಎಂದಳು ಪರಿಮಳ.

ಮೇಷ್ಟ್ರು ಕೆಟ್ಟವರೇನಲ್ಲ. ಆದರೆ ಕೆಂಪು ಪೆನ್ನು ಕೈಯಲ್ಲಿದ್ದರೆ ತಮಗೆ ತಿಳಿಯದ್ದೆಲ್ಲ ತಪ್ಪು ಎಂದುಕೊಳ್ಳುವವರು. ಎಲ್ಲದಕ್ಕೂ ಒಂದು ಗಾದೆ ಬೇರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು, ಬರುವ ಭಾನುವಾರ ಎಲ್ಲರೂ ಹೋಗಿ ನೋಡೋಣ ಎಂದರು. ಹಾರಿದರೆ ಹತ್ತಕ್ಕೆ ಹತ್ತು. ಹಾರದಿದ್ದರೆ ಸೋಮವಾರ ಪ್ರೇಯರ್‌ನಲ್ಲಿ ಇಡೀ ಸ್ಕೂಲಿನ ಮುಂದೆ ನಿಂತು, 'ಸುಳ್ಳು ಬರೆದೆ, ತಪ್ಪಾಯಿತು' ಎನ್ನಬೇಕು.

ಮನೆಗೆ ಬಂದ ಪರಿಮಳ ಬ್ಯಾಗನ್ನು ಮೂಲೆಗೆ ಎಸೆದಳು. ಮುದ್ದೆ ಮುಟ್ಟಲಿಲ್ಲ. ನಿಜ ಹೇಳಿದ್ದಕ್ಕೆ ಸೊನ್ನೆಯೇ? ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿದ್ದೆ ಎಂದು ಸುಮ್ಮನೆ ಬರೆದ ಬಿಂದುಶ್ರೀಗೆ ಎಂಟು ಮಾರ್ಕು!

ಆ ಗ್ಲೈಡರ್ ಎರಡು ವರ್ಷದ ಕೆಲಸ. ಅಪ್ಪ ಮೊದಲು ಕೊಯಮತ್ತೂರಿನಲ್ಲಿ ಅಲ್ಯೂಮಿನಿಯಂ ಏಣಿ ಮಾಡುವ ವರ್ಕ್‌ಶಾಪಿನಲ್ಲಿದ್ದ. ಊರಿಗೆ ವಾಪಸು ಬಂದ ಮೇಲೆ ಹಗಲು ಕೂಲಿ, ಸಂಜೆ ಗ್ಲೈಡರ್. ತೆಳು ಪೈಪು ಹುಡುಕಿ ತಂದ. ರೆಕ್ಕೆಯ ಬಟ್ಟೆ ಹೊಲಿದವಳು ಅವ್ವ. ದಪ್ಪ ದಾರದಿಂದ ತೂಕ ಹೆಚ್ಚಾಯಿತೆಂದು ಪೂರ್ತಿ ಬಿಚ್ಚಿ ಮತ್ತೆ ಹೊಲಿದಳು. ಒಂದೊಂದು ತುಂಡನ್ನೂ ತೂಗಿ ಬರೆದಿಟ್ಟವಳು ಪರಿಮಳ.

ಅಷ್ಟು ಹಗುರ ಯಾಕೆ ಬೇಕೆಂದರೆ ಅವರ ಗುಡ್ಡದ ಗಾಳಿ ಬಹಳ ಮಂದ. ಬೆಳಗಿನ ಬಿಸಿಲಿಗೆ ಬಂಡೆ ಕಾದಾಗ ಬುಡದಿಂದ ಸಣ್ಣ ಗಾಳಿಯೊಂದು ಮೇಲೇರುತ್ತದೆ. ಒಣಗಿದ ಎಲೆಯನ್ನು ಎತ್ತುತ್ತದೆ, ಅಷ್ಟೇ. ಭಾರದ ಗ್ಲೈಡರನ್ನು ಅದು ಮೂಸಿಯೂ ನೋಡುವುದಿಲ್ಲ.

ಆ ಗಾಳಿ ನೋಡುವ ಕೆಲಸವೂ ಪರಿಮಳಳದ್ದೇ. ಗುಡ್ಡದ ಬುಡದಲ್ಲಿ ಬಿದಿರಿನ ಕೋಲು ನೆಟ್ಟು ತುದಿಗೆ ಹಳೇ ಸೀರೆಯ ಪಟ್ಟಿ ಕಟ್ಟುತ್ತಾಳೆ. ಪಟ್ಟಿ ಗುಡ್ಡದ ಕಡೆಗೆ ಹಾರುತ್ತಿದ್ದರೆ ಗಾಳಿ ಮೇಲೇರುತ್ತಿದೆ ಎಂದರ್ಥ. ಆಗ ಅವಳು ಕೈ ಎತ್ತಬೇಕು, ಅಪ್ಪ ಓಡಬೇಕು. ಪಟ್ಟಿ ಹೊಲದ ಕಡೆ ತಿರುಗಿದರೆ ಗಾಳಿ ಹಿಂದಿನಿಂದ ಬಂದು ನೆಲಕ್ಕೆ ದಬ್ಬುತ್ತದೆ. ಗುಡ್ಡದ ಮೇಲೆ ಗಾಳಿ ಬೇರೆ ದಿಕ್ಕಿನಲ್ಲಿ ಬೀಸಬಹುದು, ಹಾಗಾಗಿ ಮೇಲೆ ನಿಂತವರಿಗೆ ಇದು ತಿಳಿಯುವುದಿಲ್ಲ.

"ಬರ್ಲಿ ಬುಡು ಮೊಗ. ಗಾಳಿ ಇದ್ರ ಆರ್ತೀನಿ," ಎಂದ ಅಪ್ಪ.

ಭಾನುವಾರ ಎಂಟೂವರೆಗೆ ಮೇಷ್ಟ್ರು ಬೈಕಿನಲ್ಲಿ ಬಂದರು. ಹಿಂದೆಯೇ ಇಪ್ಪತ್ತು ಮಕ್ಕಳು ಬಂದು, ಗುಡ್ಡದ ಬುಡದಲ್ಲಿ ಕೋಲಿನ ಬಳಿಯಿದ್ದ ಪರಿಮಳಳ ಸುತ್ತ ನಿಂತರು. ಗುಡ್ಡದ ಮೇಲೆ ಅಪ್ಪ ಹೆಲ್ಮೆಟ್ ಹಾಕಿಕೊಂಡು ರೆಕ್ಕೆಯ ಕೆಳಗೆ ನಿಂತಿದ್ದ. ಅವ್ವ ರೆಕ್ಕೆಯ ತುದಿ ಹಿಡಿದಿದ್ದಳು. ಅಷ್ಟು ದೊಡ್ಡ ರೆಕ್ಕೆ ಕಂಡು ಮಕ್ಕಳ ನಗು ಅರ್ಧ ನಿಂತಿತು.

ಆದರೆ ಆ ದಿನ ಮೋಡ. ಬಂಡೆ ಕಾಯಲೇ ಇಲ್ಲ. ಪಟ್ಟಿ ಜೋತು ಬಿದ್ದಿತ್ತು.

ಒಂಬತ್ತಾಯಿತು. ಒಂಬತ್ತೂವರೆಯಾಯಿತು. ಮೇಷ್ಟ್ರು ಮೂರು ಸಲ ವಾಚ್ ನೋಡಿದರು. ಪಟ್ಟಿ ಕೊನೆಗೂ ಅಲುಗಿತು, ಗುಡ್ಡದ ಕಡೆಗಲ್ಲ, ಹೊಲದ ಕಡೆಗೆ.

"ಗಾಳಿ ಸರಿ ಇಲ್ಲ ಸಾ," ಎಂದಳು ಪರಿಮಳ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಮೇಷ್ಟ್ರು. ಮಕ್ಕಳೆಲ್ಲ ಗೊಳ್ಳೆಂದರು.

ಪರಿಮಳಳ ಕಿವಿ ಬಿಸಿಯಾಯಿತು. ಇವರಿಗೆ ಗಾಳಿಯ ಬಗ್ಗೆ ಏನು ಗೊತ್ತು? ಅವ್ವ ಬಿಚ್ಚಿ ಹೊಲಿದ ಹೊಲಿಗೆ ಇವರು ನೋಡಿದ್ದಾರಾ?

"ಒಂದ್ಸಲ ಕೈ ಎತ್ಬುಡಮ್ಮಿ," ಎಂದು ಬಿಂದುಶ್ರೀ ಕಿವಿಯಲ್ಲಿ ಹೇಳಿದಳು. "ನಿಮ್ಮಪ್ಪ ಓಡ್ಬುಡ್ಲಿ. ಎಲ್ರು ಬಾಯಿ ಮುಚ್ಕತಾರ."

ಹೌದಲ್ಲ. ಒಂದು ಕೈ ಎತ್ತಿದರೆ ಸಾಕು. ಹತ್ತಕ್ಕೆ ಹತ್ತು. ನಾಳೆ ಪ್ರೇಯರ್‌ನಲ್ಲಿ ತಲೆ ತಗ್ಗಿಸುವುದು ಬೇಕಿಲ್ಲ. ಸಿಟ್ಟಿನಲ್ಲಿ ಅವಳ ಕೈ ತಾನಾಗಿಯೇ ಸೊಂಟದಿಂದ ಮೇಲೆ ಬಂತು.

ಮೇಲೆ ಅಪ್ಪ ಥಟ್ಟನೆ ಮೊಣಕಾಲು ಬಗ್ಗಿಸಿ ಓಡಲು ಸಿದ್ಧನಾದ.

ಅಪ್ಪ ಪಟ್ಟಿಯನ್ನು ನೋಡುತ್ತಿರಲಿಲ್ಲ. ಅಷ್ಟು ದೂರಕ್ಕೆ ಅದು ಕಾಣುವುದೂ ಇಲ್ಲ. ಅವನು ನೋಡುತ್ತಿದ್ದದ್ದು ಅವಳ ಕೈಯನ್ನು ಮಾತ್ರ.

ಅವಳು ಕೈ ಇಳಿಸಿ ಲಂಗವನ್ನು ಬಿಗಿಯಾಗಿ ಹಿಡಿದುಕೊಂಡಳು. ಅಪ್ಪ ನೆಟ್ಟಗೆ ನಿಂತ.

ಹತ್ತು ಗಂಟೆಗೆ ಮೇಷ್ಟ್ರು ಬೈಕ್ ಸ್ಟಾರ್ಟ್ ಮಾಡಿದರು. ನಾಳೆ ಪ್ರೇಯರ್ ಮರೆಯಬೇಡ ಎಂದು ಹೇಳಿ ಹೋದರು. ಮಕ್ಕಳು ಕೈಗಳನ್ನು ರೆಕ್ಕೆಯ ಹಾಗೆ ಬಡಿಯುತ್ತ ಓಡಿದರು. ಬಿಂದುಶ್ರೀಯೂ ಬಡಿದಳು.

ಅಪ್ಪ, ಅವ್ವ ರೆಕ್ಕೆ ಹೊತ್ತು ಕೆಳಗಿಳಿದು ಬಂದರು.

"ಮ್ಯಾಲ ನನ್ ಮೊಕಕ್ಕ ಚೆನ್ನಾಗೇ ಬೀಸ್ತಿತ್ತು. ಕೆಳಗ ಎಂಗಿತ್ತು?" ಎಂದು ಅಪ್ಪ ಕೇಳಿದ.

"ಹಿಂದ್ಗಡೆಯಿಂದ ಬತ್ತಿತ್ತು ಕಣಪ್ಪ."

ಅಪ್ಪ ಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಹೆಲ್ಮೆಟ್ ಬಿಚ್ಚಿ ಅವಳ ಕೈಗೆ ಕೊಟ್ಟ. "ಅಂಗಾದ್ರ ಮನಗ ಓಗಮ ನಡಿ ಮೊಗ."

ಪರಿಮಳ ಹೆಲ್ಮೆಟ್ ಹಿಡಿದು ಅವರ ಹಿಂದೆ ನಡೆದಳು. ಕಣ್ಣಲ್ಲಿ ನೀರು ಬಂದದ್ದು ಸಿಟ್ಟಿಗೇ. ಆ ಸಿಟ್ಟು ಇನ್ನೂ ಹೋಗಿರಲಿಲ್ಲ. ಆದರೆ ಒಂದು ವಿಷಯ ಅವಳ ಮನಸ್ಸಿನಲ್ಲಿ ತಿರುಗುತ್ತಿತ್ತು. ಅಪ್ಪನ ಮುಖಕ್ಕೆ ಗಾಳಿ ಬೀಸುತ್ತಿತ್ತು. ಆದರೂ ಅವನು ನಂಬಿದ್ದು ತನ್ನ ಮುಖವನ್ನಲ್ಲ, ಅವಳ ಕೈಯನ್ನು. ನಿಜವಾ ಎಂದು ಇನ್ನೊಂದು ಸಲ ಕೇಳಲೂ ಇಲ್ಲ.

ನಾಳೆ ಪ್ರೇಯರ್‌ನಲ್ಲಿ ಎಲ್ಲರ ಮುಂದೆ ನಿಲ್ಲಬೇಕು. ನಿಲ್ಲುತ್ತಾಳೆ. 'ಸುಳ್ಳು ಬರೆದೆ' ಎಂದು ಮಾತ್ರ ಹೇಳುವುದಿಲ್ಲ.