ಬಾಯಿಗೆ ತುರುಕಿದ ಬಟ್ಟೆ

ಸೋಮವಾರ ಬೆಳಗ್ಗೆ ಎಂಟೂವರೆಗೆ ಠಾಣೆಗೆ ಓಡಿಬಂದವನ ಅಂಗಿಯ ತೋಳಿಗೆಲ್ಲ ಅರೆ ಒಣಗಿದ ರಕ್ತ ಅಂಟಿತ್ತು. ಹಳೆ ಕಾರುಗಳ ವ್ಯಾಪಾರಿಯಾದ ತನ್ನ ಅಣ್ಣನನ್ನು ಅಂಗಡಿಯಲ್ಲೇ ಯಾರೋ ಕೊಂದುಹಾಕಿದ್ದಾರೆ, ಎತ್ತಲು ಹೋದಾಗ ರಕ್ತ ತಗುಲಿತು ಎಂದ. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಹೊರಟರು.

ಅಂಗಡಿಯ ಅಂಗಳದಲ್ಲಿ ಪಾಲಿಶ್ ಹಚ್ಚಿದ ಕಾರುಗಳು ರಾಜಕುಮಾರನಿಗಾಗಿ ಕಾದ ಕತೆಯ ಹೆಣ್ಣುಗಳಂತೆ ಮಿನುಗುತ್ತಿದ್ದವು. ನಡುವೆ ಡೀಲರ್ ಅಂಗಾತ ಬಿದ್ದಿದ್ದ. ಪಕ್ಕದಲ್ಲೇ ಚಕ್ರ ಬಿಚ್ಚುವ ಸ್ಪ್ಯಾನರ್. ಅದರ ಏಟಿಗೆ ತಲೆಯ ಒಂದು ಬದಿ ಒಳಕ್ಕೆ ಕುಸಿದಿತ್ತು, ಮುರಿದ ಹಲ್ಲುಗಳು ಎದೆಯ ಮೇಲೆ ಚೆಲ್ಲಿದ್ದವು. ತುಟಿಯ ಕೊನೆ ಹರಿಯುವಷ್ಟು ಬಾಯಿಗೆ ಬಟ್ಟೆ ತುರುಕಿತ್ತು.

ಪಂಚರ ಎದುರು ಅದನ್ನು ಹೊರಗೆಳೆದರು. ಹಳೆ ಹೊದಿಕೆಯ ತುಂಡುಗಳು. ಒಂದಕ್ಕೆ ಕಪ್ಪು ಪ್ಲಾಸ್ಟಿಕ್ ಚೂರು ಗೋಂದಿನಲ್ಲಿ ಅಂಟಿತ್ತು: ಸ್ಟಿಯರಿಂಗ್ ನಡುವೆ ಏರ್‌ಬ್ಯಾಗಿನ ಮೇಲೆ ಕೂರುವ ಮುಚ್ಚಳದ ಚೂರು. ಪಂಚನಾಮೆ ಮುಗಿಸಿ ಇನ್‌ಸ್ಪೆಕ್ಟರ್ ತಮ್ಮನತ್ತ ತಿರುಗಿದರು.

"ಏರ್‌ಬ್ಯಾಗ್ ಜಾಗಕ್ಕೆ ಬಟ್ಟೆ ತುಂಬಿ ಮಾರ್ತಿದ್ರಾ?"

"ಇಲ್ಲ ಸಾರ್. ನಮ್ಮ ಗಾಡಿ ಅಂದ್ರೆ ಅಪ್ಪಟ ಚಿನ್ನ."

"ಮತ್ತೆ ನೀವ್ಯಾಕ್ರೀ ಬೈಕಲ್ಲಿ ಓಡಾಡ್ತೀರಿ?" ಎಂದರು ಹೆಡ್ ಕಾನ್‌ಸ್ಟೆಬಲ್, ಗೇಟಿನ ಬಳಿ ನಿಂತಿದ್ದ ಅವನ ಬೈಕಿನತ್ತ ಕೈ ತೋರಿಸಿ.

ತಮ್ಮ ಅಲ್ಲಿಗೇ ಮೆತ್ತಗಾದ. ಅಪಘಾತವಾದ ಕಾರುಗಳನ್ನು ಕಡಿಮೆಗೆ ಕೊಂಡು, ಒಡೆದ ಏರ್‌ಬ್ಯಾಗಿನ ಬದಲು ಸಿಕ್ಕಿದ್ದನ್ನು ತುಂಬಿ, ಮುಚ್ಚಳ ಅಂಟಿಸಿ ಮಾರುತ್ತಿದ್ದೆವೆಂದು ಒಪ್ಪಿಕೊಂಡ.

ಸಂಚಾರ ಠಾಣೆಯಲ್ಲಿ ವಿಚಾರಿಸಿದಾಗ ಒಂದು ಪ್ರಕರಣ ಸಿಕ್ಕಿತು. ಈ ಅಂಗಡಿಯಲ್ಲಿ ಕೊಂಡ ಕಾರು ಹೋದ ತಿಂಗಳು ಸೇತುವೆಯ ಗೋಡೆಗೆ ಗುದ್ದಿತ್ತು. ಓಡಿಸುತ್ತಿದ್ದ ಹೆಂಗಸಿನ ಎದೆಗೂಡು ಸ್ಟಿಯರಿಂಗಿಗೆ ಸಿಕ್ಕು ನುಚ್ಚುನೂರಾಗಿತ್ತು.

ಆಕೆಯ ಗಂಡ ಪೊಲೀಸರನ್ನು ಕೂರಿಸಿ ಮೆತ್ತಗೆ ಮಾತಾಡಿದ. ಕಾರು ಕೊಳ್ಳುವಾಗ ಮೋಸಹೋಗಬಾರದೆಂದು ಹೆಂಡತಿಯ ಅಣ್ಣನನ್ನೇ ಕರೆದೊಯ್ದಿದ್ದರಂತೆ; ಅವನದು ಗ್ಯಾರೇಜು. "ಭಾವ ಸರಿ ಇದೆ ಅಂದ್ರು. ನಮಗೆ ಅಷ್ಟು ಸಾಕಿತ್ತು." ಜಜ್ಜಿಹೋದ ಕಾರು ಈಗಲೂ ಭಾವನ ಗ್ಯಾರೇಜಿನಲ್ಲೇ ಇದೆಯಂತೆ.

ಗ್ಯಾರೇಜಿನಲ್ಲಿ ಆ ಕಾರಿನ ಸ್ಟಿಯರಿಂಗ್ ಬಿಚ್ಚಿ ಬೆಂಚಿನ ಮೇಲಿಟ್ಟಿತ್ತು, ನಡುವೆ ಬರಿದು. ಭಾವ ಎದ್ದು ನಿಂತ. ಬಲಗೈ ಬೆರಳುಗಳು ಬಾತಿದ್ದವು.

"ಕೈಗೇನಾಯ್ತು?"

"ಕಚ್ಚಿದ."

"ಯಾರು?"

"ನಿಮಗೆ ಗೊತ್ತಿದ್ದೇ ಬಂದಿದ್ದೀರಲ್ಲ ಸಾರ್."

ಹೇಳಿಕೆ ಕೊಡುವಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ಬಣ್ಣ ನೋಡಿದ್ದ, ಕಾರಿನ ಅಡಿಗೆ ನುಸುಳಿ ಚಾಸಿ ನೋಡಿದ್ದ, ಓಡಿಸಿಯೂ ನೋಡಿದ್ದ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹತ್ತಿ ಆರಬೇಕು, ಹತ್ತಿ ಆರಿತ್ತು. ಡೀಲರ್ ಅದರ ವೈರನ್ನು, ಹಾಗೆಯೇ ಹತ್ತಿ ಆರುವ ಆಯಿಲ್ ದೀಪಕ್ಕೆ ಸೇರಿಸಿದ್ದು ಆಗ ತಿಳಿಯಲಿಲ್ಲ. ಬೇರೆಯವರ ಗಾಡಿಗಾದರೆ ತಪ್ಪದೆ ಹಾಕುವ, ಒಳಗಿನ ದೋಷ ತೋರಿಸುವ ಸ್ಕ್ಯಾನರನ್ನು, ಮನೆಯವರದೇ ಗಾಡಿ ಎಂಬ ಸಲಿಗೆಯಲ್ಲಿ ಅವತ್ತು ಹಾಕಿರಲಿಲ್ಲ. ತಂಗಿ ಸತ್ತ ಮೇಲೆ ಸ್ಟಿಯರಿಂಗ್ ಬಿಚ್ಚಿದಾಗ ಬಟ್ಟೆ ಕೈಗೆ ಬಂತು. ಭಾನುವಾರ ಸಂಜೆ ಅದನ್ನೇ ಹಿಡಿದುಕೊಂಡು ಕೇಳಲು ಹೋದ.

"ನೀನೇ ನೋಡಿ ಪಾಸ್ ಮಾಡಿದ್ದಲ್ವಾ ಅಂತ ನಕ್ಕ ಸಾರ್. ನಗೋದು ನಿಲ್ಲೋವರೆಗೂ ಹೊಡೆದೆ."

ದೂರು ಕೊಡಬಹುದಿತ್ತಲ್ಲ ಎಂದರು ಇನ್‌ಸ್ಪೆಕ್ಟರ್. ಅವನು ಅಡ್ಡಡ್ಡ ತಲೆಯಾಡಿಸಿದ. ತಂಗಿಯ ಗಂಡ ಅವಳು ಸತ್ತಾಗಿನಿಂದ ದಿನವೂ ಗ್ಯಾರೇಜಿಗೆ ಬಂದು ಊಟ ಆಯ್ತಾ ಭಾವ ಎಂದು ಕೇಳುತ್ತಿದ್ದನಂತೆ. ಒಂದು ದಿನವೂ ಕಾರಿನ ಮಾತು ಎತ್ತಿರಲಿಲ್ಲ.

ಬಂಧನದ ವಿಷಯ ಯಾರಿಗೆ ತಿಳಿಸಬೇಕೆಂದು ಹೆಡ್ ಕಾನ್‌ಸ್ಟೆಬಲ್ ಕೇಳಿದರು. ಅವನು ತಂಗಿಯ ಗಂಡನ ನಂಬರು ಹೇಳಿದ.

"ಈಗಲಾದ್ರೂ ಬೈಲಿ."