ಎರೆನೆಲದಲ್ಲಿ ನಿಂತ ಕಲ್ಲುಗಳು

ತಂಗೆಮ್ಮ ತೊಗರಿ ಒಡೆಯುತ್ತಿದ್ದಳು. ಒಂದು ಕೈ ಬೀಸುವ ಕಲ್ಲಿನ ಗೂಟದ ಮೇಲಿತ್ತು, ಇನ್ನೊಂದು ಕೈ ಮೊರದಿಂದ ಕಾಳು ತೆಗೆದು ಕಲ್ಲಿನ ಬಾಯಿಗೆ ಸುರಿಯುತ್ತಿತ್ತು. ಕಲ್ಲಿನ ಕೆಳಭಾಗಕ್ಕೆ ಬಟ್ಟಲಿನಂಥ ಒಂದು ಯಂತ್ರ ಕಚ್ಚಿಕೊಂಡು ಕೂತಿತ್ತು. ಅದರ ತಂತಿ ಅಂಬುಜಾಳ ತೊಡೆಯ ಮೇಲಿನ ಪರದೆಗೆ ಬಂದಿತ್ತು. ಕಲ್ಲು ಒಂದು ಸುತ್ತು ಬಂದಂತೆಲ್ಲ ಅಲ್ಲೊಂದು ಗೆರೆ ಏರಿ ಇಳಿಯುತ್ತಿತ್ತು.

"ಮನ್ಯಾಗ ಮಿಕ್ಸರ್ ಇಲ್ಲೇನು ಆಯಿ?"

"ಎರಡದಾವು. ಬ್ಯಾಳಿ ಮಾಡಂದ್ರ ಹಿಟ್ಟು ಮಾಡ್ತಾವು, ಮುಂಡೇವು."

ಅಂಬುಜಾ ನಕ್ಕು, ಪರದೆಯ ಗೆರೆಗಳನ್ನು ಹಿಂದಕ್ಕೆ ಸರಿಸುತ್ತ ಹೋದಳು. "ನಿಮಗಿಂತ ಮುಂಚಿ ಈ ಕಲ್ಲು ಬೀಸಿದಾಕಿ ಎಡಗೈಯಾಕಿ ನೋಡ್ರಿ. ಬಾಳ ಅವಸರದ ಹೆಣ್ಮಗಳು."

ಗೂಟದ ಮೇಲಿನ ಕೈ ನಿಂತಿತು. "ನಮ್ಮತ್ತಿ! ಆಕಿ ಹೋಗಿ ನಲವತ್ತು ವರ್ಷಾತು. ಯಾರ್ ಹೇಳಿದ್ರು ನಿನಗ?"

"ಕಲ್ಲು ಹೇಳ್ತು."

"ಯವ್ವಾ! ನಾ ಆಕಿಗಿ ಬೈದದ್ದೂ ಹೇಳ್ತದೇನು?"

"ಬೈದದ್ದು ಹೇಳಂಗಿಲ್ಲ. ಒತ್ತಿದ್ದಷ್ಟೇ ಹೇಳ್ತದ."

"ಹಂಗಾದ್ರ ಬದುಕಿದೆ" ಎಂದು ತಂಗೆಮ್ಮ ಮತ್ತೆ ಬೀಸತೊಡಗಿದಳು.

ಆ ಯಂತ್ರಕ್ಕೆ ಒತ್ತುಗನ್ನಡಿ ಎಂದು ಹೆಸರು. ಇಪ್ಪತ್ತೊಂದನೆಯ ಶತಮಾನ ಅರ್ಧ ದಾಟಿದ ಮೇಲೆ ಅದು ಬಳಕೆಗೆ ಬಂತು. ಬೆಣಚುಕಲ್ಲಿನ ಹರಳನ್ನು ಒತ್ತಿದರೆ ಎಳ್ಳಷ್ಟು ವಿದ್ಯುತ್ತು ಹುಟ್ಟುತ್ತದೆ ಎಂಬುದು ಹಳೆಯ ಸಂಗತಿ. ಆ ವಿದ್ಯುತ್ತು ಆರಿದ ಮೇಲೂ ಹರಳಿನೊಳಗೆ ಅದರ ಗುರುತು ಉಳಿಯುತ್ತದೆ, ಒತ್ತಿನ ಮೇಲೆ ಒತ್ತು ಬಿದ್ದರೆ ಗುರುತುಗಳು ಹಾಲಿನ ಕೆನೆಯಂತೆ ಪದರಪದರವಾಗಿ ಕೂರುತ್ತವೆ ಎಂಬುದು ಅಂಬುಜಾ ಇಂಗಳಗಿ ಕಂಡುಕೊಂಡ ಹೊಸ ಸಂಗತಿ. ಕಲ್ಲಿನೊಳಗೆ ಸಹಜವಾಗಿಯೇ ಇರುವ ಮಂದ ವಿಕಿರಣ, ಸೋರುವ ಸೂರಿನಿಂದ ಗಡಿಗೆಗೆ ಹನಿ ಬಿದ್ದಂತೆ, ಪ್ರತಿ ಗುರುತನ್ನೂ ಒಂದೇ ಸಮನೆ ತುಂಬುತ್ತ ಹೋಗುತ್ತದೆ. ಗಡಿಗೆ ಎಷ್ಟು ತುಂಬಿದೆ ಎಂದು ನೋಡಿದರೆ ಒತ್ತು ಯಾವ ಕಾಲದ್ದೆಂದು ತಿಳಿಯುತ್ತದೆ. ಮೊದಮೊದಲು ಇದನ್ನು ಸೇತುವೆಯ ಕಂಬಗಳಿಗೆ ಹಚ್ಚಿ ನೋಡಿದರು. ಆಮೇಲೆ ಮನೆ ಕೊಳ್ಳುವವರು ಕೂಡ ಅಡಿಪಾಯಕ್ಕೆ ಒತ್ತುಗನ್ನಡಿ ಹಚ್ಚಿಸದೆ ಮಾತು ಮುಗಿಸದಂತಾಯಿತು.

ಅಂಬುಜಾಳ ಮನಸ್ಸಿದ್ದದ್ದು ಮಾತ್ರ ಯಾದಗಿರಿ ಸೀಮೆಯ ಗುಂಡಾಳಗೇರಾದ ಬಯಲಿನಲ್ಲಿ. ಅಲ್ಲಿ ಆಳೆತ್ತರದ ಕಲ್ಲುಗಳು ಸಾಲು ಹಿಡಿದು ನಿಂತಿವೆ. ಆ ಸೀಮೆಗೆ ಅಕ್ಷರ ಬರುವುದಕ್ಕೂ ಮುಂಚೆ ಯಾರೋ ನಿಲ್ಲಿಸಿದವು. ಯಾರು, ಏತಕ್ಕೆ? ನಕ್ಷತ್ರ ನೋಡಲು ಎಂದರು ಒಬ್ಬರು, ಸತ್ತವರ ನೆನಪಿಗೆ ಎಂದರು ಇನ್ನೊಬ್ಬರು. ಅಂಬುಜಾಳನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಅದು ಎರೆನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ತೂರುವಷ್ಟು ಬಿರಿಯುತ್ತದೆ. ಅಂಥ ನೆಲದಲ್ಲಿ ಕಟ್ಟಿದ ಮನೆಯ ಗೋಡೆಯೇ ಹತ್ತು ವರ್ಷ ನೆಟ್ಟಗಿರುವುದಿಲ್ಲ. ಈ ಕಲ್ಲುಗಳು ಮೂರು ಸಾವಿರ ವರ್ಷ ಹೇಗೆ ನಿಂತವು?

ಉತ್ತರ ಹೋದ ವರ್ಷವೇ ಪರದೆಯ ಮೇಲೆ ಬಂದಿತ್ತು, ಅವಳೇ ನಂಬಿರಲಿಲ್ಲ. ಕಲ್ಲಿನ ತಳದ ಪದರದಲ್ಲಿ, ಅದನ್ನು ಎತ್ತಿ ನಿಲ್ಲಿಸಿದ ಹಗ್ಗದ ಭಾರಿ ಜಗ್ಗಾಟವೊಂದು ಕಂಡಿತು. ಅದು ಇರಬೇಕಾದದ್ದೇ. ಅದರ ಮೇಲೆ ಒಂದಲ್ಲ ಎರಡಲ್ಲ, ನೂರಾರು ಸಣ್ಣ ಒತ್ತುಗಳು ಕಾಲಕಾಲಕ್ಕೆ ಬಿದ್ದಿದ್ದವು. ಕೊನೆಯಲ್ಲಿ, ಪುರಾತತ್ವ ಇಲಾಖೆ ಬಯಲಿಗೆ ತಂತಿಬೇಲಿ ಹಾಕಿದ ಈ ಇಪ್ಪತ್ತು ವರ್ಷ ಬರೀ ಖಾಲಿ. ಯಂತ್ರವೇ ಸುಳ್ಳಾಡುತ್ತಿದೆ ಎಂದುಕೊಂಡಳು. ಇದು ಸುಳ್ಳಾದರೆ ತಾನು ಇಷ್ಟು ವರ್ಷ ಮಾಡಿದ್ದೆಲ್ಲ ಸುಳ್ಳು. ಆ ಅಳುಕಿನಲ್ಲಿಯೇ ಅವಳು ಬರೆಯಬೇಕಿದ್ದ ಒಂದು ಕಾಗದ ನಿಂತುಹೋಗಿತ್ತು. ಜಗತ್ತಿನ ಪ್ರಾಚೀನ ಶಿಲೆಗಳ ಪಟ್ಟಿ ಮಾಡುವ ಮಂಡಳಿ ಅವಳಿಂದ ಮುಖ್ಯವಾಗಿ ಒಂದು ಮಾತು ಕೇಳಿತ್ತು: ಈ ಕಲ್ಲುಗಳು ಆದಿಯಿಂದ ಮನುಷ್ಯರ ಕೈ ತಗಲದೆ ಉಳಿದಿವೆಯೆ? ಹೌದೆಂದು ಬರೆದರೆ ಗುಂಡಾಳಗೇರಾದ ಹೆಸರು ಲೋಕಕ್ಕೆಲ್ಲ ತಿಳಿಯುತ್ತದೆ, ತಂತಿಬೇಲಿಯ ಜಾಗದಲ್ಲಿ ಗಾಜಿನ ಗೋಡೆ ಏಳುತ್ತದೆ. ಮೂರು ಸಲ ನೆನಪಿನ ಓಲೆ ಬಂದರೂ ಅವಳು ಉತ್ತರಿಸಿರಲಿಲ್ಲ. ಯಂತ್ರದ ಮಾತು ನಿಜವೇ ಎಂದು ಪರೀಕ್ಷಿಸಲೆಂದೇ ಈ ಸಲ ಮೊದಲು ಅದನ್ನು ಬೀಸುವ ಕಲ್ಲಿಗೆ ಹಚ್ಚಿದ್ದಳು.

ಬೇಳೆ ಕೇರಿ ಮುಗಿಸಿದ ತಂಗೆಮ್ಮನ ಹಿಂದೆಯೇ ಅಂಬುಜಾ ಬಯಲಿಗೆ ಹೋದಳು. ಬೇಲಿಯ ಕಾವಲುಗಾರ ದೇವಿಂದ್ರಪ್ಪ ಅದೇ ಊರವನು, ತಂಗೆಮ್ಮನ ಅಕ್ಕನ ಮಗ. ಅವನು ಬೀಗ ತೆಗೆದ.

ಹೋದ ವರ್ಷ ಹೆಚ್ಚು ವಾಲಿದ್ದ ಮೂಲೆಯ ಕಲ್ಲಿಗೆ ಅಂಬುಜಾ ಬಟ್ಟಲು ಹಚ್ಚಿದಳು. ಪರದೆ ನೋಡಿ ಬೆನ್ನು ನೆಟ್ಟಗೆ ಮಾಡಿದಳು. ಖಾಲಿ ಪದರದ ಮೇಲೆ ಹೊಸ ಒತ್ತುಗಳು. ಹೆಗಲಿನವು, ಅಂಗೈಯವು, ಏಳೆಂಟು ಜನರವು. ಗುರುತಿನ ಗಡಿಗೆಯಲ್ಲಿ ಒಂದು ಹನಿಯೂ ತುಂಬಿರಲಿಲ್ಲ, ನಿನ್ನೆ ಮೊನ್ನೆಯವಿರಬೇಕು. ತಲೆಯೆತ್ತಿ ಕಲ್ಲನ್ನು ನೋಡಿದಳು. ನೆಟ್ಟಗಿತ್ತು. ಬುಡದಲ್ಲಿ ಹೊಸದಾಗಿ ತುಂಬಿದ ಗರಸು, ಹರಳುಹರಳಾದ ಕಲ್ಲುಮಣ್ಣು.

"ದೇವಿಂದ್ರಪ್ಪ, ನಿನ್ನಿ ಇಲ್ಲಿ ಯಾರ್ ಬಂದಿದ್ರು?"

"ನಿನ್ನೇನ್ರಿ ಮೇಡಮ್ಮೋರ? ನಿನ್ನಿ... ಗಾಳಿ ಬಾಳಿತ್ರಿ."

"ಗಾಳಿಗಿ ಅಂಗೈ ಇರ್ತಾವೇನು?"

ದೇವಿಂದ್ರಪ್ಪ ಬೀಗದ ಕೈ ತಿರುವುತ್ತ ನೆಲ ನೋಡಿದ. ತಂಗೆಮ್ಮ ಮುಂದೆ ಬಂದಳು.

"ಅವನ್ನ ಯಾಕ ಹಿಂಡ್ತಿ? ನಾವೇ ಬಂದಿದ್ದೆವು. ಇದು ನಮ್ಮ ಮನಿತನದ ಕಲ್ಲು. ನೀ ಬರ್ತಿ ಅಂತ ಸುದ್ದಿ ಬಂತು. ಬೀಗರು ಬರೂ ಮುಂದ ಮನಿ ಕಂಬ ವಾಲಿದ್ರ ಯಾರಿಗಿ ಛಂದ? ಬೆಳಕು ಹರಿಯೋದ್ರಾಗ ಬಂದು ಹೆಗಲು ಕೊಟ್ಟು ಹೋದೆವು."

"ಹೆಗಲು ಕೊಡೂದು ಅಂದ್ರ?"

"ಕಾರಹುಣ್ಣಿವಿ ಆದ ಮ್ಯಾಲ, ಬಿತ್ತೂಕಿಂತ ಮೊದಲ, ಮನಿಗೊಂದು ಕಲ್ಲು. ಬಿರುಕಿಗಿ ಗರಸು ತುಂಬಿ, ಎಲ್ಲಾರೂ ಕೂಡಿ ಹೆಗಲು ಕೊಟ್ಟು ನೆಟ್ಟಗ ಮಾಡೂದು. ಹೊಸಾ ಸೊಸಿ ಬಂದ್ರ ಆಕೀದೇ ಮೊದಲ ಹೆಗಲು. ನಾ ಬಂದ ವರ್ಷ ನಮ್ಮತ್ತಿ ಅಂದ್ಲು, 'ಒತ್ತವ್ವಾ, ಇನ್ನ ಈ ಮನಿ ಭಾರ ನಿಂದು' ಅಂತ. ಬೇಲಿ ಬಂತು, ಮುಟ್ಟಿದ್ರ ಕೇಸು ಅಂದ್ರು. ಬಿಟ್ಟೆವು. ಅಂದಿನಿಂದ ನೋಡು, ಹೆಂಗ ವಾಲ್ಯಾವು."

ಅಂಬುಜಾ ಸಾಲಿನುದ್ದಕ್ಕೂ ನೋಡಿದಳು. ಇಪ್ಪತ್ತು ವರ್ಷದ ಬೇಲಿಯೊಳಗೆ ಕಲ್ಲುಗಳು ನಿದ್ದೆಗಣ್ಣಿನವರಂತೆ ಅತ್ತಿತ್ತ ಬಾಗಿದ್ದವು. ಯಂತ್ರ ಸುಳ್ಳಾಡಿರಲಿಲ್ಲ. ಹಿಂದಿನವರು ಯಾವ ಮಾಯೆಯನ್ನೂ ಮಾಡಿರಲಿಲ್ಲ. ಅವರು ಒಂದು ಕೆಲಸ ಹೂಡಿ ಮಕ್ಕಳ ಕೈಗೆ ಕೊಟ್ಟಿದ್ದರು. ರಾಜರು ಬದಲಾದರು, ದೇವರು ಬದಲಾದರು, ಆಡುವ ಮಾತೂ ಬದಲಾಗಿರಬೇಕು. ಆ ಕೆಲಸ ಮಾತ್ರ ಕೈಯಿಂದ ಕೈಗೆ ದಾಟಿ ಬಂದಿತ್ತು.

ಸುದ್ದಿ ಊರಿಗೆ ಮುಟ್ಟಲು ತಡವಾಗಲಿಲ್ಲ. ಹೊತ್ತು ಇಳಿಯುವುದರೊಳಗೆ ಬೇಲಿಯ ಸುತ್ತ ಜನ ಕೂಡಿದರು. ಮೊದಲು ಹೆದರಿ ದೂರ ನಿಂತವರು ಆಮೇಲೆ ಒಬ್ಬೊಬ್ಬರೇ ಒಳಗೆ ಬಂದರು. "ನಮ್ಮ ಕಲ್ಲಿಗೂ ಹಚ್ಚಿ ನೋಡ್ರಿ, ನಮ್ಮಜ್ಜಂದು ಅದ ಏನು." "ಇವರ ಮನಿಯವರು ಬರೀ ಮಾತಿನ್ಯಾಗ ಹೆಗಲು ಕೊಡ್ತಿದ್ರು, ಅದನ್ನೂ ನೋಡ್ರಿ ಮತ್ತ." ಒಬ್ಬ ಸೊಸೆ ತನ್ನ ಒತ್ತು ಪರದೆಯ ಮೇಲೆ ಕಂಡಾಗ, ಮದುವೆಯ ಫೋಟೋ ನೋಡಿದಂತೆ ಸೆರಗು ಸರಿ ಮಾಡಿಕೊಂಡಳು.

ಜನ ಚದುರಿದ ಮೇಲೆ ಅಂಬುಜಾ ಇದ್ದದ್ದನ್ನು ಇದ್ದಂತೆ ಹೇಳಿದಳು. "ಆಯಿ, ಯಾರೂ ಮುಟ್ಟಿಲ್ಲ ಅಂತ ಬರದ್ರ ಊರಿಗಿ ಹೆಸರು ಬರ್ತದ. ಕಲ್ಲು ಮಾತ್ರ ಗಾಜಿನೊಳಗ ಒಂದೊಂದ ಬೀಳ್ತಾವು. ಮುಟ್ಟ್ಯಾರ ಅಂತ ಬರದ್ರ ಪಟ್ಟಿಗಿ ಸೇರಸಲಿಕ್ಕಿಲ್ಲ. ನಿಮ್ಮ ಮ್ಯಾಲ ಇಲಾಖೆಯೋರು ಬರಬಹುದು."

"ನನ್ನ ನೌಕರಿ ಹೊಕ್ಕದ ಚಿಗವ್ವಾ" ಎಂದ ದೇವಿಂದ್ರಪ್ಪ.

"ಕಲ್ಲು ಬಿದ್ದ ಮ್ಯಾಲ ಏನ್ ಕಾಯ್ತಿಯೋ? ಬೇಲಿ ಕಾಯ್ತಿಯೇನು?" ತಂಗೆಮ್ಮ ಅಂಬುಜಾಳ ಕಡೆ ತಿರುಗಿದಳು. "ಬರಿ ಮಗಳಾ. ಕಳ್ಳರಂಗ ಒಮ್ಮಿ ಮುಟ್ಟೀವಿ, ಇನ್ನೊಮ್ಮಿ ಹಂಗ ಮುಟ್ಟಂಗಿಲ್ಲ. ನನ್ನ ಹೆಸರು ಮೊದಲ ಹಾಕು."

ದೇವಿಂದ್ರಪ್ಪ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ, "ಎರಡನೇದು ನಂದು ಹಾಕ್ರಿ. ನಿನ್ನಿ ಬೇಲಿ ಬೀಗ ತೆಗದಾವ ನಾನಲ್ರೀ?" ಎಂದ.

ಅಂಬುಜಾ ಅಲ್ಲಿಯೇ ಗರಸಿನ ಗುಡ್ಡೆಯ ಮೇಲೆ ಕೂತು ಬರೆದಳು. ಒತ್ತುಗಳ ಚಿತ್ರಗಳನ್ನೆಲ್ಲ ಲಗತ್ತಿಸಿದಳು. ಬೇಲಿ ತೆಗೆದು, ಮುಂದಿನ ಬಿತ್ತನೆಗೆ ಮುಂಚೆ ಊರವರಿಗೆ ಅವರ ಕಲ್ಲುಗಳನ್ನು ಒಪ್ಪಿಸಬೇಕೆಂದು ಕೇಳಿದಳು. ಕೊನೆಗೆ ಮಂಡಳಿಯ ನಮೂನೆಯಲ್ಲಿದ್ದ ಎರಡು ಮಾಮೂಲಿ ಪ್ರಶ್ನೆಗಳು ಉಳಿದವು. ಇಂಥ ಕಲ್ಲುಗಳಿರುವ ಎಲ್ಲ ದೇಶದವರೂ ಅವಕ್ಕೆ 'ತಿಳಿಯದು' ಎಂದೇ ಬರೆದಿದ್ದರು.

ನಿಲ್ಲಿಸಿದವರು ಯಾರು? ಗುಂಡಾಳಗೇರಾದ ತಂಗೆಮ್ಮ, ದೇವಿಂದ್ರಪ್ಪ, ಅವರ ಊರವರು ಮತ್ತು ಅವರ ಹಿಂದಿನವರು ಎಂದು ಬರೆದಳು.

ಕೆಲಸ ಮುಗಿದ ಕಾಲ ಯಾವುದು? 'ಇನ್ನೂ ಮುಗಿದಿಲ್ಲ' ಎಂದು ಬರೆದು, ಕಾಗದ ಕಳಿಸಿದಳು.