ತೊಟ್ಟಿಲೊಳಗಿನ ಕಲ್ಲು

ಬೆಳಿಗ್ಗೆ ನೀತಾ ಗಾಜಿನ ಪೆಟ್ಟಿಗೆ ತೆರೆದು, ಪುಟ್ಟ ತೊಟ್ಟಿಲಿನ ಹೊದಿಕೆ ಸರಿಸಿದಳು. ಗೊಂಬೆ ಇರಲಿಲ್ಲ. ಅದರ ಜಾಗದಲ್ಲಿ, ತಲೆದಿಂಬಿನ ಮೇಲೆ, ಒಂದು ಕಲ್ಲು ಮಲಗಿತ್ತು.

ಬಿಬವೇವಾಡಿಯ ಅವಳ ಅಪ್ಪನ ಕಾಲದ ಆಟಿಕೆ ಕಾರಖಾನೆಯಿಂದ ನಲವತ್ತು ವರ್ಷದ ಹಿಂದೆ ಹೊರಟ ‘ತೊಟ್ಟಿಲ ಪುಟ್ಟಿ’ ಮನೆಮನೆ ಹೊಕ್ಕಿದ್ದಳು. ಕಣ್ಣು ಮಿಟುಕಿಸಿ ಮಾತಾಡುವ ಹೊಸ ಪುಟ್ಟಿ ನಾಳೆ ಪೇಟೆಗೆ ಬರುವವಳಿದ್ದಳು. ಕಳುವಾದದ್ದು ಹಳೆ-ಹೊಸ ಪುಟ್ಟಿಯರಿಬ್ಬರಿಗೂ ಮೂಲವಾದ ಮರದ ಗೊಂಬೆ.

ಬೀಗ ಮುರಿದಿರಲಿಲ್ಲ. ಇನ್ನೊಂದು ಕೀಲಿ ಕಾವಲುಗಾರ ಮಾಂತುವಿನ ಬಳಿ ಇತ್ತು.

“ಇವನನ್ನ ಪೊಲೀಸರಿಗೆ ಒಪ್ಪಿಸ್ತೀನ್ರಿ,” ಎಂದಳು ನೀತಾ, ಮಾಂತುವಿನತ್ತ ಬೆರಳು ಮಾಡಿ.

“ಅಕ್ಕಾರ, ಹದಿನೆಂಟು ವರ್ಷದಾಗ ಒಂದು ಮೊಳಿ ಸೈತ ಮುಟ್ಟಿಲ್ರಿ!”

ಅವಳು ಕರೆಸಿದ್ದ ನಿವೃತ್ತ ಪೊಲೀಸ್ ಫೌಜದಾರ ಭುಜಂಗ, ಬಿತ್ತುವ ಮೊದಲು ಮಣ್ಣಿನ ಹದ ನೋಡುವವನಂತೆ, ತೊಟ್ಟಿಲ ಮುಂದೆ ಕುಕ್ಕರುಗಾಲಲ್ಲಿ ಕೂತ.

“ನಿನ್ನೆ ಸಂಜಿಗೆ ಯಾರು ಬಂದಿದ್ರು?”

“ಕಾರ್ತಿಕ ಸಾಹೇಬ್ರು. ಆಮ್ಯಾಲ ಗೊಂಬಿ ಮೂಗಿನ ಬಿರುಕು ತುಂಬಾಕ ಸಿದ್ರಾಮಪ್ಪಜ್ಜ. ಹೊದಿಕಿ ಉಬ್ಬಿತ್ರಿ — ಗೊಂಬಿ ಅದ ಅಂತ ಕೀಲಿ ಹಾಕಿದೆ.”

ಗೊಂಬೆ ಕೆತ್ತಿದ ಸಿದ್ರಾಮಪ್ಪ ಮೂಲೆಯ ಸ್ಟೂಲಿನ ಮೇಲೆ, ಹತಾರದ ಚೀಲ ತೊಡೆಯ ಮೇಲಿಟ್ಟು ಕೂತಿದ್ದ. ಹೊಸ ಪುಟ್ಟಿಯ ವಿನ್ಯಾಸಕಾರ ಕಾರ್ತಿಕ ತಾನೇ ಮುಂದೆ ಬಂದ.

“ನಂಗ್ಯಾಕೆ ಸರ್ ಅದು? ಸ್ಕ್ಯಾನ್ ಆಗ್ಹೋಗಿದೆ. ಕಲ್ಲು ಇಟ್ಟಿರೋದು ಕಣ್ಣಿಗೆ ಮಣ್ಣೆರಚೋಕೆ, ಅಷ್ಟೇ.”

“ಹೌದಾ? ಹಂಗಾದ್ರ ಕಲ್ಲಿಗೆ ತಲಿದಿಂಬು ಯಾಕ ಕೊಟ್ಟಾರ?”

ಕಾರ್ತಿಕ ಬಗ್ಗಿ ದಿಂಬು ನೋಡಿದ.

ಭುಜಂಗ ಕಲ್ಲನ್ನು ಎತ್ತಿ ಹೊರಳಿಸಿದ. ಅಡಿಯಲ್ಲಿ ದೋಣಿಯಂತೆ ಸವೆದ ತಗ್ಗು.

“ನಮ್ಮ ಕಡಿ ಕೂಸಿನ್ನ ಎತ್ತಿಕೊಂಡ್ರ ತೊಟ್ಟಿಲಾ ಖಾಲಿ ಬಿಡೂದಿಲ್ಲ. ಗುಂಡಕಲ್ಲು ಮಲಗಸ್ತಾರ. ಕದ್ದವ್ರಿಗೆ ಇದು ಗೊಂಬಿ ಅಲ್ಲ, ಕೂಸು. ಕಲ್ಲು ಎಲ್ಲಾರೂ ನೋಡಿದ್ರಿ, ಯಾರೂ ಹೊರಳಿಸಲಿಲ್ಲ. ಇದು ಉಳಿ ಮಸದು ಸವದ ಸಾಣೆಕಲ್ಲು.” ಅವನ ದನಿ ಇಳಿಯಿತು. “ಸಿದ್ರಾಮಪ್ಪನವರ, ನಿಮ್ಮ ಸಾಣೆಕಲ್ಲು ಚೀಲದಾಗ ಅದ ಏನ್ರಿ?”

ಮುದುಕ ಚೀಲ ಬಿಚ್ಚಲಿಲ್ಲ.

“ಖಾಲಿ ಬಿಟ್ಟು ಹೋಗಾಕ ಕಾಲು ಏಳಲಿಲ್ರಿ.”

ಮಾಂತು ರುಮಾಲು ತೆಗೆದು ಮುಖ ಒರೆಸಿಕೊಂಡ.

“ನನ್ನ ಮಗಳಿಗೆ ಕೆತ್ತಿದ್ದದು,” ಎಂದ ಸಿದ್ರಾಮಪ್ಪ, ನೀತಾಳತ್ತ ಕೈ ತೋರಿಸಿ. “ಅಚ್ಚು ತಗೊಂಡು ನಾಕು ದಿನದಾಗ ಕೊಡ್ತೀನಿ ಅಂದಿದ್ರು ಇವರಪ್ಪಾರು. ಆಕಿಗೆ ಜ್ವರ ಬಂತು. ಗೊಂಬಿ ತಾ, ಗೊಂಬಿ ತಾ ಅಂತಿದ್ಲು. ಎಂಟು ಸಲ ಬಂದು ಕೇಳಿದೆ. ಆಕಿ ಉಳೀಲಿಲ್ಲ.”

“ಗೊಂಬಿ ಈಗ ಎಲ್ಲಿ ಅದ?” ಎಂದ ಭುಜಂಗ.

“ಆಕಿ ಮಣ್ಣಿನಾಗ. ಇವತ್ತು ನಸಿಕಿನ್ಯಾಗ ಹುಗದು ಬಂದೆ.”

ಹೊರಗೆ ಹೊಸ ಪುಟ್ಟಿಯರ ಪೆಟ್ಟಿಗೆಗಳು ಟೆಂಪೋ ಏರುತ್ತಿದ್ದವು. ನೀತಾ ಗಾಜಿನ ಪೆಟ್ಟಿಗೆ ಮುಚ್ಚಿದಳು.

“ಇರ್ಲಿ ಬಿಡ್ರಿ, ಕಾಕಾ. ನಮಗ ಈಗ ಅದು ಬೇಕಾಗಿಲ್ಲ.”

ಸಿದ್ರಾಮಪ್ಪ ತಲೆ ಎತ್ತಿದ.

“ಅಚ್ಚು ತಗೊಂಡ ಮರುದಿನಾನೂ ಬೇಕಾಗಿರಲಿಲ್ಲ, ತಾಯಿ.”